ತವರಿನ ಹೆರಿಗೆ ಮತ್ತು ರಕ್ತವರ್ಗದ ಚೀಟಿ

ದೆಹಲಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಹಲವು ಪದ್ಧತಿಗಳನ್ನು ಕೈಬಿಟ್ಟಿರಬಹುದು. ಆದರೆ ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕೆಂಬ ಆಸೆಯನ್ನು ಇನ್ನೂ ಬಿಟ್ಟಿಲ್ಲ. ರಾಮಕೃಷ್ಣಪುರಂನಲ್ಲಿಯೋ ದ್ವಾರಕಾದಲ್ಲಿಯೋ ನೋಯ್ಡಾದಲ್ಲಿಯೋ ಮೊದಲ ಆರು ತಿಂಗಳ ತಪಾಸಣೆ ನಡೆಯುತ್ತದೆ. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಗರ್ಭಿಣಿ ಹಾಸನಕ್ಕೋ ಧಾರವಾಡಕ್ಕೋ ಪ್ರಯಾಣ ಬೆಳೆಸುತ್ತಾಳೆ. ತಾಯಿಯ ಮಡಿಲಿನ ಆರೈಕೆಗೆ ಸಾಟಿಯಾದ ಔಷಧ ಇಲ್ಲವೆಂಬುದು ನಿಜ. ಆದರೆ ಆಕೆಯ ರಕ್ತ ಆರ್.ಎಚ್. ನೆಗೆಟಿವ್ ಆಗಿದ್ದರೆ, ಒಂದೇ ಬಸಿರು ಎರಡು ಊರುಗಳ ವೈದ್ಯರ ನಡುವೆ ಹಂಚಿಹೋಗುವುದು ಅಪಾಯಕ್ಕೆ ದಾರಿಯಾಗಬಲ್ಲದು.

1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಎಂಬ ವಿಜ್ಞಾನಿಗಳು ರೀಸಸ್ ಕೋತಿಯ ರಕ್ತದ ನೆರವಿನಿಂದ ನಡೆಸಿದ ಸಂಶೋಧನೆಯಿಂದ ಆರ್.ಎಚ್. ಎಂಬ ಹೆಸರು ಬಂದಿತು. ದೆಹಲಿಯ ಸರ್ಕಾರಿ ಕಚೇರಿಗಳ ಸುತ್ತ ಸುಳಿದಾಡುವ ಕೋತಿಯೂ ಅದೇ ಜಾತಿಯದು. ಕರ್ನಾಟಕದ ದೇವಸ್ಥಾನಗಳಲ್ಲಿ ಸಾಮಾನ್ಯವಾಗಿ ಕಾಣುವ ಕೋತಿ ಬೇರೆ. ಮನುಷ್ಯರ ಕೆಂಪು ರಕ್ತಕಣಗಳ ಮೇಲೆ ಡಿ ಎಂಬ ಅಂಶವಿದ್ದರೆ ಅಂಥವರು ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಯುರೋಪಿನ ಜನರಲ್ಲಿ ನೂರಕ್ಕೆ ಸುಮಾರು 15 ಮಂದಿ, ಭಾರತೀಯರಲ್ಲಿ ಸುಮಾರು 5 ಮಂದಿ ನೆಗೆಟಿವ್ ವರ್ಗದವರು. ಇದು ರೋಗವೂ ಅಲ್ಲ, ದೋಷವೂ ಅಲ್ಲ.

ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆಗಿದ್ದರೆ ಶಿಶು ಪಾಸಿಟಿವ್ ಆಗುವ ಸಂಭವವಿದೆ. ಹೆರಿಗೆಯ ವೇಳೆ ಶಿಶುವಿನ ರಕ್ತ ಸ್ವಲ್ಪವಾದರೂ ತಾಯಿಯ ರಕ್ತದೊಡನೆ ಬೆರೆತರೆ, ಆಕೆಯ ಶರೀರ ಅದನ್ನು ಪರಕೀಯವೆಂದು ಬಗೆದು ಪ್ರತಿಕಾಯಗಳನ್ನು ನಿರ್ಮಿಸತೊಡಗುತ್ತದೆ. ಚೊಚ್ಚಲ ಕೂಸು ಬಹುಮಟ್ಟಿಗೆ ಪಾರಾಗುತ್ತದೆ. ಮುಂದಿನ ಶಿಶುವೂ ಪಾಸಿಟಿವ್ ಆದಾಗ ಆ ಪ್ರತಿಕಾಯಗಳು ಮಾಸನ್ನು ದಾಟಿ ಹೋಗಿ ಅದರ ರಕ್ತಕಣಗಳನ್ನು ನಾಶಪಡಿಸುತ್ತವೆ. ರಕ್ತಹೀನತೆ, ತೀವ್ರ ಕಾಮಾಲೆ, ಗರ್ಭದಲ್ಲಿಯೇ ಮರಣ, ಇವೆಲ್ಲ ಅದರ ಫಲ.

1968ರಿಂದ ಇದಕ್ಕೆ ಆಂಟಿ-ಡಿ ಎಂಬ ಚುಚ್ಚುಮದ್ದು ದೊರೆಯುತ್ತಿದೆ. ಮದ್ದಿಲ್ಲದಿದ್ದರೆ ಇಂಥ ತಾಯಂದಿರಲ್ಲಿ ನೂರಕ್ಕೆ ಸುಮಾರು 16 ಮಂದಿಯಲ್ಲಿ ಪ್ರತಿಕಾಯಗಳು ಹುಟ್ಟಬಹುದು. ಹೆರಿಗೆಯ ನಂತರ 72 ಗಂಟೆಗಳೊಳಗೆ ಕೊಟ್ಟರೆ ಆ ಸಂಖ್ಯೆ ಎರಡಕ್ಕಿಂತಲೂ ಕೆಳಗಿಳಿಯುತ್ತದೆ. 28ನೆಯ ವಾರದಲ್ಲಿಯೂ ಒಮ್ಮೆ ಕೊಟ್ಟರೆ ಅಪಾಯ ಇನ್ನೂ ಅತ್ಯಲ್ಪ. ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ಎಂಬಾತ 2018ರವರೆಗೆ ಸಾವಿರಕ್ಕೂ ಮಿಕ್ಕಿ ಬಾರಿ ತನ್ನ ರಕ್ತದ್ರವವನ್ನು ದಾನಮಾಡಿದ್ದು ಈ ಮದ್ದಿನ ತಯಾರಿಕೆಗಾಗಿಯೇ.

28ನೆಯ ವಾರವೆಂದರೆ ಸರಿಯಾಗಿ ಸೀಮಂತದ ಕಾಲ. ದೆಹಲಿಯ ವೈದ್ಯೆ "ಊರಿನಲ್ಲಿ ಹಾಕಿಸಿಕೊಳ್ಳಿ" ಎನ್ನುತ್ತಾರೆ. ಊರಿನ ವೈದ್ಯರು ದೆಹಲಿಯಲ್ಲಿ ಆಗಿರಬೇಕೆಂದು ಭಾವಿಸುತ್ತಾರೆ. ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಚುಚ್ಚುಮದ್ದು ಎಂದರೆ ಹೊರಗಿನಿಂದ ಕೊಟ್ಟ ಪ್ರತಿಕಾಯವೇ. ದೆಹಲಿಯಲ್ಲಿ ಅದನ್ನು ಪಡೆದ ಗರ್ಭಿಣಿಯ ರಕ್ತವನ್ನು ಕೆಲವು ವಾರಗಳ ಬಳಿಕ ತವರಿನಲ್ಲಿ ಕೂಂಬ್ಸ್ ಪರೀಕ್ಷೆಗೆ ಒಳಪಡಿಸಿದರೆ, ಅದು ಅಲ್ಲಿ ಕಾಣಿಸಿಕೊಳ್ಳಬಹುದು. ವಿಷಯ ತಿಳಿಯದ ವೈದ್ಯರು, ಈಕೆಯ ಶರೀರ ಆಗಲೇ ಪ್ರತಿಕಾಯಗಳನ್ನು ನಿರ್ಮಿಸಿದೆ, ಇನ್ನು ಮದ್ದು ವ್ಯರ್ಥ ಎಂದು ತಪ್ಪಾಗಿ ತೀರ್ಮಾನಿಸಿ, ಹೆರಿಗೆಯ ನಂತರ ಅವಶ್ಯವಾಗಿ ಸಲ್ಲಬೇಕಾದ ಮದ್ದನ್ನೇ ತಪ್ಪಿಸಿಬಿಡಬಹುದು. ದೆಹಲಿಯವರು 'ಪರ್ಚಿ' ಎನ್ನುವ ಆಸ್ಪತ್ರೆಯ ಚೀಟಿ ಕಪಾಟಿನಲ್ಲಿ ಉಳಿದರೆ ಆಗುವ ಅನರ್ಥ ಇಷ್ಟು. ಮದ್ದು ಕೊಟ್ಟ ದಿನಾಂಕ, ಪ್ರಮಾಣ, ಅದಕ್ಕೆ ಮುನ್ನ ನಡೆದ ಪರೀಕ್ಷೆಯ ಫಲಿತಾಂಶ, ಪತಿಯ ರಕ್ತವರ್ಗ ಇವುಗಳನ್ನು ಬರೆಯಿಸಿಕೊಂಡು, ಕರ್ನಾಟಕದಲ್ಲಿ ಕೊಡುವ ತಾಯಿ ಕಾರ್ಡಿನೊಡನೆ ಇರಿಸುವುದು ಸೀಮಂತದ ಸೀರೆಯನ್ನು ಆರಿಸುವುದಕ್ಕಿಂತ ಮುಂಚೆ ಆಗಬೇಕಾದ ಕೆಲಸ. ಹೆರಿಗೆಯಾದೊಡನೆ ಶಿಶುವಿನ ರಕ್ತವರ್ಗವನ್ನು ಕೇಳಿ ತಿಳಿಯುವ ಹೊಣೆಯನ್ನು ಮನೆಯ ಒಬ್ಬರು ವಹಿಸಿಕೊಳ್ಳಬೇಕು. ಬಾಣಂತಿಗೆ ಅದು ನೆನಪಿರಲೆಂದು ನಿರೀಕ್ಷಿಸುವುದು ಅನ್ಯಾಯ. 72 ಗಂಟೆ ಮೀರಿತೆಂದು ಮದ್ದನ್ನು ಕೈಬಿಡಬಾರದು. ಹತ್ತು ದಿನಗಳೊಳಗೆ ಕೊಟ್ಟರೂ ಸ್ವಲ್ಪ ರಕ್ಷಣೆ ದೊರೆಯಬಹುದು.

ಚೀಟಿಯಲ್ಲಿ ಬರೆಯಿಸದ ಸಂಗತಿಯೂ ಒಂದಿದೆ. ನಿಲ್ಲದ ಬಸಿರನ್ನು ಅನೇಕ ಮನೆಗಳಲ್ಲಿ ಗುಟ್ಟಾಗಿಡುತ್ತಾರೆ. ಗರ್ಭಪಾತದ ಗುಳಿಗೆ ನುಂಗಿದ್ದನ್ನು ಅತ್ತೆಯಿಂದ ಮಾತ್ರವಲ್ಲ, ವೈದ್ಯರಿಂದಲೂ ಮುಚ್ಚಿಡುವವರುಂಟು. ಗರ್ಭಪಾತದಿಂದಲೂ ಪ್ರತಿಕಾಯಗಳು ಹುಟ್ಟಬಹುದು. ಹನ್ನೆರಡು ವಾರಗಳೊಳಗಿನ ಗರ್ಭಪಾತಕ್ಕೆ ಮದ್ದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸೂಚಿಸಿದೆಯಾದರೂ ಎಲ್ಲ ವೈದ್ಯರ ಅಭಿಪ್ರಾಯ ಒಂದೇ ಅಲ್ಲ. ನಿರ್ಧಾರ ವೈದ್ಯರದು, ಆದರೆ ಅವರಿಗೆ ವಿಷಯ ತಿಳಿಯಬೇಕಷ್ಟೆ. ಮಾನ ಕಾಯುವ ಮೌನಕ್ಕೆ ಮುಂದಿನ ಕೂಸು ಬೆಲೆ ತೆರುವುದು ಸಲ್ಲದು.

ಜಾತಕದ ಜೊತೆಗೆ ರಕ್ತವರ್ಗವನ್ನೂ ಕೇಳಿ, ನೆಗೆಟಿವ್ ಎಂದೊಡನೆ ಹೆಣ್ಣನ್ನು ನಿರಾಕರಿಸುವ ವರನ ಕಡೆಯವರಿಗೆ ವಿಜ್ಞಾನದ ಬೆಂಬಲವಿಲ್ಲ. ಎರಡು ಚುಚ್ಚುಮದ್ದುಗಳಿಂದ ತಪ್ಪಿಸಬಹುದಾದ ತೊಂದರೆಗೆ ಸಂಬಂಧವನ್ನೇ ಮುರಿಯುವುದು ಅವಿವೇಕ.

ಪ್ರತಿಕಾಯಗಳು ಆಗಲೇ ಹುಟ್ಟಿದ್ದರೆ ಈ ಮದ್ದು ಕೆಲಸ ಮಾಡದು. ಆಗಲೂ ನಿರಾಶೆಗೆ ಕಾರಣವಿಲ್ಲ. 1963ರಲ್ಲಿ ನ್ಯೂಜಿಲೆಂಡಿನ ವಿಲಿಯಂ ಲೈಲಿ ಗರ್ಭಸ್ಥ ಶಿಶುವಿಗೆ ರಕ್ತ ಪೂರಣ ಮಾಡುವ ಕ್ರಮವನ್ನು ತೋರಿಸಿಕೊಟ್ಟರು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಅದರ ಸುಧಾರಿತ ರೂಪದ ಚಿಕಿತ್ಸೆ ಲಭ್ಯವಿದೆ. ಇಂಥ ಗರ್ಭಿಣಿ ದೊಡ್ಡ ಆಸ್ಪತ್ರೆಯನ್ನು ಬಿಟ್ಟು ಸಣ್ಣ ಊರಿನ ತವರಿಗೆ ಹೋಗದೆ, ತಾಯಿಯೇ ದೆಹಲಿಗೆ ಬರುವುದು ಲೇಸು.

ಹೆರಿಗೆಯಲ್ಲಿ ರಕ್ತಸ್ರಾವವಾದರೆ ನೆಗೆಟಿವ್ ರಕ್ತವನ್ನು ಹುಡುಕುವುದು ಸುಲಭವಲ್ಲ. ನೂರು ಕನ್ನಡಿಗರು ಕೂಡಿದ ಸಭೆಯಲ್ಲಿ ಅಂಥವರು ಸುಮಾರು ಐವರಿರಬಹುದು. ಆ ಐವರು ಯಾರೆಂದು ಸಭೆಗೆ ತಿಳಿದಿರುವುದಿಲ್ಲ. ರಾಜ್ಯೋತ್ಸವದ ದಿನ ಸದಸ್ಯರ ಪಟ್ಟಿಯಲ್ಲಿ ವಿಳಾಸದ ಪಕ್ಕದಲ್ಲಿ ರಕ್ತವರ್ಗಕ್ಕೂ ಒಂದು ಅಂಕಣ ಸೇರಿಸಿ, ಒಪ್ಪಿದವರಿಂದ ತುಂಬಿಸಿಕೊಂಡರೆ ಸಂಘಕ್ಕೆ ಖರ್ಚೇನೂ ಬರುವುದಿಲ್ಲ.