ಉಪದೇಶಿಯ ಹೆಸರೂ ಕಲ್ಲಿನ ಮೇಲೆ ಬರಲಿ

ಆಗಸ್ಟ್ 4 ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಗುರುಗಳಿಗೆ ಹಾರ, ಶಾಲು, ಮಕ್ಕಳ ಹಾಡು. ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಯಲ್ಲಿ ಜನರ ಪಾಪನಿವೇದನೆ ಕೇಳುತ್ತಲೇ ಜೀವ ಸವೆಸಿ, 1859ರಲ್ಲಿ ಅದೇ ದಿನ ತೀರಿಕೊಂಡ ಸಂತ ಜಾನ್ ಮರಿಯ ವಿಯಾನ್ನಿಯವರು ಧರ್ಮಕೇಂದ್ರದ ಗುರುಗಳ ಪಾಲಕ ಸಂತ. ಗುರುಗಳಿಗೆ ಆ ಗೌರವ ಸಲ್ಲಲೇಬೇಕು. ಆದರೆ ನನ್ನಂಥ ಕಥೋಲಿಕರಿಗೆ ವಿಶ್ವಾಸದ ಹಾದಿ ತೋರಿದವರಲ್ಲಿ ಇನ್ನೊಬ್ಬರಿದ್ದಾರೆ, ಉಪದೇಶಿ. ಹೆಂಡತಿ ಮಕ್ಕಳಿದ್ದ ಸಂಸಾರಸ್ಥರು. ಅವರ ಕೊರಳಿಗೆ ಹಾರ ಬಿದ್ದದ್ದನ್ನು ನಾನು ಕಂಡದ್ದು ಅಪರೂಪ.

ಕನಕಪುರ ಸೀಮೆಯ ನಮ್ಮೂರಿನಲ್ಲಿ ಆಗ ಗುರುಗಳು ವಾಸವಿರಲಿಲ್ಲ. ದೂರದಿಂದ ಬಂದು ಪೂಜೆ ಮುಗಿಸಿ ಹೊರಡುತ್ತಿದ್ದರು. ಮಿಕ್ಕ ದಿನಗಳಲ್ಲಿ ಊರನ್ನು ನಡೆಸುತ್ತಿದ್ದವರು ಉಪದೇಶಿ ತಾತ. ಸಂಜೆ ಗುಡಿಯ ಗಂಟೆ ಹೊಡೆದು ಜಪಸರ ಹೇಳಿಸುವವರು ಅವರೇ, ತಪಸ್ಸುಕಾಲದಲ್ಲಿ ಶಿಲುಬೆ ಹಾದಿ ನಡೆಸುವವರೂ ಅವರೇ. ಹಾಸಿಗೆ ಹಿಡಿದವರ ಪಕ್ಕ ಕೂತು ಪ್ರಾರ್ಥಿಸುತ್ತಿದ್ದರು. ಯಾರದಾದರೂ ಜೀವ ಹೋಗುವ ಹಾಗಿದ್ದರೆ ರಾತ್ರಿಯೇ ಸೈಕಲ್ ಹತ್ತಿ ಗುರುಗಳನ್ನು ಕರೆತರಲು ಹೊರಡುತ್ತಿದ್ದರು.

ಎರಡನೇ ವ್ಯಾಟಿಕನ್ ಮಹಾಸಭೆ ಸೇರಿದ್ದು 1962ರಿಂದ 1965ರವರೆಗೆ. ಅದಾದ ಮೇಲೆಯೇ ಬಲಿಪೂಜೆ ಜನರ ನುಡಿಗೆ ಬಂದದ್ದು. ಅಲ್ಲಿಯವರೆಗೆ ಗುರುಗಳು ಪೀಠದ ಕಡೆ ತಿರುಗಿ ಲ್ಯಾಟಿನ್‌ನಲ್ಲಿ ಪೂಜೆ ಅರ್ಪಿಸುತ್ತಿದ್ದರು. ಓದು ಬರಹ ಅರಿಯದ ನನ್ನ ಅಜ್ಜಿಗೆ ದೇವರ ವಿಚಾರ ಕನ್ನಡದಲ್ಲಿ ತಲುಪಿದ್ದು ಉಪದೇಶಿಯ ಬಾಯಿಂದ. ಅವಳು ರಾಗಿ ಹೊಲದಲ್ಲಿ ಕಳೆ ಕೀಳುವಾಗ ಅವರು ಬದುವಿನ ಮೇಲೆ ನಿಂತು ಪರಲೋಕ ಮಂತ್ರ ಹೇಳಿಕೊಡುತ್ತಿದ್ದರಂತೆ. ಒಂದು ಸಾಲು ಬಾಯಿಗೆ ಬರುವವರೆಗೆ ಮುಂದಿನ ಸಾಲು ಇಲ್ಲ. ಅಜ್ಜಿ ಅದನ್ನು ಅದೇ ಕ್ರಮದಲ್ಲಿ ನನ್ನ ಅವ್ವನಿಗೆ ಕಲಿಸಿದಳು, ಅವ್ವ ನನಗೆ.

ಮೊದಲ ಪರಮಪ್ರಸಾದಕ್ಕೆ ನಮ್ಮನ್ನು ಸಿದ್ಧಮಾಡಿದವರೂ ತಾತನೇ. ಹಿಂದಿನ ದಿನ ಪ್ರಶ್ನೋತ್ತರವನ್ನೆಲ್ಲ ಒಪ್ಪಿಸಿಕೊಂಡು, ಪುಸ್ತಕ ಮುಚ್ಚಿ ಕೇಳಿದರು: "ಯಾರ ಜೊತೆಯಾದ್ರೂ ಮಾತು ಬಿಟ್ಟಿದ್ದೀರೇನ್ರಪ್ಪಾ? ಹೋಗಿ ಮಾತಾಡಿಸ್ಕೊಂಡು ಬನ್ನಿ. ಬೆಳಿಗ್ಗೆ ಆಮೇಲೆ ಪ್ರಸಾದ." ಇಬ್ಬರು ಹುಡುಗರು ಎದ್ದು ಹೊರಗೆ ಹೋದರು. ಅವರು ಹಿಂತಿರುಗುವ ತನಕ ತಾತ ಜಗಲಿಯಿಂದ ಏಳಲಿಲ್ಲ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗು ಎಂದು ಯೇಸುಸ್ವಾಮಿ ಹೇಳಿದ್ದನ್ನು ಮತ್ತಾಯನ ಶುಭಸಂದೇಶದಲ್ಲಿ ಓದುವಾಗಲೆಲ್ಲ ನನಗೆ ಆ ಜಗಲಿಯೇ ಕಾಣುತ್ತದೆ.

ಶ್ರೀಸಾಮಾನ್ಯರೇ ದಾರಿ ತೋರುವುದು ಧರ್ಮಸಭೆಗೆ ಹೊಸದಲ್ಲ. 2022ರ ಮೇ 15ರಂದು ಸಂತ ಪದವಿಗೇರಿದ ದೇವಸಹಾಯಂ ತಿರುವಾಂಕೂರಿನ ರಾಜಸೇವೆಯಲ್ಲಿದ್ದವರು. ನಷ್ಟದ ಮೇಲೆ ನಷ್ಟ ಬಂದು ಕುಗ್ಗಿದ್ದ ಅವರಿಗೆ ಯೋಬನ ಕಥೆ ಹೇಳಿ ಧೈರ್ಯ ತುಂಬಿದವನು ಪಾದ್ರಿಯಲ್ಲ, 1741ರ ಕೊಳಚ್ಚಲ್ ಕದನದಲ್ಲಿ ಸೆರೆಸಿಕ್ಕಿದ್ದ ಡಚ್ ದಳಪತಿ ಡಿ ಲೆನಾಯ್. ದೇವಸಹಾಯಂ 1745ರಲ್ಲಿ ದೀಕ್ಷಾಸ್ನಾನ ಪಡೆದರು, 1752ರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟರು. ಜಗದ್ಗುರು ಫ್ರಾನ್ಸಿಸ್ 2021ರ ಮೇ 10ರಂದು ಪತ್ರ ಹೊರಡಿಸಿ ಉಪದೇಶಿಯ ಕೆಲಸಕ್ಕೆ ಧರ್ಮಸಭೆಯಲ್ಲಿ ವಿಧ್ಯುಕ್ತ ಸೇವಾಸ್ಥಾನವನ್ನೇ ಕೊಟ್ಟರು. ರೋಮ್ ಮಾಡಿದ ಆ ಗೌರವ ನಮ್ಮೂರಿನ ಗೋಡೆಯ ಮೇಲೂ ಕಾಣಬೇಡವೇ? ಸೇವೆ ಸಲ್ಲಿಸಿದ ಗುರುಗಳ ಹೆಸರು, ವರ್ಷ ನಮ್ಮ ಗುಡಿಯ ಕಲ್ಲಿನ ಮೇಲೆ ಕ್ರಮವಾಗಿವೆ. ಉಪದೇಶಿಗಳ ಒಂದು ಹೆಸರೂ ಇಲ್ಲ.

ದೇವರ ಕೆಲಸ ಮಾಡಿದವರಿಗೆ ದೇವರೇ ಫಲ ಕೊಡುತ್ತಾನೆ, ಹೆಸರು ಯಾಕೆ ಎನ್ನುವವರಿದ್ದಾರೆ. ತಾತ ಹೆಸರು ಕೇಳಿದವರಲ್ಲ, ನಿಜ. ಹೆಸರು ಬೇಕಿರುವುದು ನಮ್ಮ ಮಕ್ಕಳಿಗೆ. ಗುರುಗಳಿಗೆ, ಸಿಸ್ಟರುಗಳಿಗೆ ಮಾತ್ರ ಕೈಮುಗಿಯುವುದನ್ನು ನೋಡಿ ಬೆಳೆದ ಮಗು, ವಿಶ್ವಾಸ ಕಲಿಸುವುದು ಅವರ ಪಾಲಿನ ಕೆಲಸ, ನನ್ನದಲ್ಲ ಎಂದು ಕೈಕಟ್ಟಿ ಕೂರುತ್ತದೆ. ಉಳುವವನೊಬ್ಬ ಊರಿಗೆ ದೇವರ ಮಾತು ಕಲಿಸಿದ ಎಂದು ತಿಳಿದರೆ, ನಾನೂ ಕಲಿಸಬಲ್ಲೆ ಎಂದುಕೊಳ್ಳುತ್ತದೆ.

ಇಂದು ಆ ಕೆಲಸ ಭಾನುವಾರದ ಧರ್ಮೋಪದೇಶ ತರಗತಿಯ ಟೀಚರುಗಳ ಹೆಗಲಿಗೆ ಬಂದಿದೆ. ವಾರವೆಲ್ಲ ಗಾರ್ಮೆಂಟ್ಸಿನಲ್ಲೋ ಬ್ಯಾಂಕಿನಲ್ಲೋ ದುಡಿದು, ಸಿಕ್ಕ ಒಂದು ರಜೆಯ ಬೆಳಗನ್ನು ನಮ್ಮ ಮಕ್ಕಳಿಗೆ ಕೊಡುತ್ತಾರೆ. ಟ್ಯೂಷನ್ ನೆಪದಲ್ಲಿ ಮಕ್ಕಳನ್ನು ತರಗತಿ ತಪ್ಪಿಸುವ ತಂದೆತಾಯಿಗಳು ಒಮ್ಮೆ ಅವರೆದುರು ಕೂತು ಮಾತಾಡಲಿ. ಧರ್ಮಕೇಂದ್ರದ ಪಾಲನಾ ಸಮಿತಿಗಳು ಅವರಿಗೆ ಪುಸ್ತಕ, ತರಬೇತಿ, ಬಸ್ ಖರ್ಚು ಕೊಡಲಿ. ಮುಂದಿನ ಊರಹಬ್ಬಕ್ಕೆ ಗುಡಿಗೆ ಸುಣ್ಣ ಬಳಿಯುವ ಮುಂಚೆಯೇ ಹಿರಿಯರನ್ನು ಕೂರಿಸಿಕೊಂಡು ಹಳೆಯ ಉಪದೇಶಿಗಳ ಹೆಸರು ಬರೆದುಕೊಳ್ಳಲಿ. ಆ ಹೆಸರು ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.