ಅಜ್ಜಿಯೂ ಪಾಠಕ್ಕೆ ಕೂರಲಿ

ಹೊರದೇಶದವರು ದುಡ್ಡು ಖರ್ಚು ಮಾಡಿ ಕೂಡಿಸುತ್ತಿರುವುದನ್ನು ನಾವು ದುಡ್ಡು ಖರ್ಚು ಮಾಡಿ ಬೇರೆ ಮಾಡುತ್ತಿದ್ದೇವೆ. ಅಮೆರಿಕದ ಸಿಯಾಟಲ್‌ನ ಒಂದು ವೃದ್ಧಾಶ್ರಮದಲ್ಲಿ 1991ರಲ್ಲೇ ಶಿಶುವಿಹಾರ ಶುರುವಾಯಿತು. ಲಂಡನ್ನಿನ ನೈಟಿಂಗೇಲ್ ಹೌಸ್ ಎಂಬ ವೃದ್ಧಾಶ್ರಮದೊಳಗೆ 2017ರಲ್ಲಿ ಶಿಶುವಿಹಾರ ಬಂತು. ಮಕ್ಕಳು, ಮುದುಕರು ಕೂಡಿ ಹಾಡಲಿ, ಆಡಲಿ ಅಂತ.

ನಮ್ಮ ಉಪ್ಪಲ್‌ಗೆ ಬನ್ನಿ. ಹೈದರಾಬಾದಿನ ಕ್ರಿಕೆಟ್ ಸ್ಟೇಡಿಯಂನಿಂದಾಗಿ ಈ ಹೆಸರು ನೀವೂ ಕೇಳಿರುತ್ತೀರಿ. ಮಕ್ಕಳ ಕೆಲಸದ ಹಿಂದೆ ರಾಯಚೂರು, ಧಾರವಾಡ, ಶಿವಮೊಗ್ಗದಿಂದ ಬಂದ ಹಿರಿಯರು ಇಲ್ಲಿ ಮೊಮ್ಮಕ್ಕಳನ್ನು ಸಂಗೀತಪಾಠಕ್ಕೆ ಕರಕೊಂಡು ಹೋಗುತ್ತಾರೆ. ಮಗು ಒಳಗೆ, ಅಜ್ಜಿ ಹೊರಗೆ ಚಪ್ಪಲಿ ಕಾಯುತ್ತಾ. ಒಳಗೆ ಕೂತರೆ ಮಕ್ಕಳ ಗಮನ ಕೆಡುತ್ತದಂತೆ!

ಸರಳೆ ವರಸೆಯಿಂದ ಪಿಳ್ಳಾರಿ ಗೀತೆವರೆಗಿನ ಆ ಪಾಠಕ್ರಮ ಪುರಂದರದಾಸರದ್ದು ಅಂತ ತೆಲುಗು ಮೇಷ್ಟ್ರುಗಳೂ ಹೇಳುತ್ತಾರೆ. ದಾಸರ ಪದ ಕೇಳುತ್ತಲೇ ಬೆಳೆದವಳಿಗೆ ಮಾತ್ರ ಪ್ರವೇಶವಿಲ್ಲ. ಮಗುವಿಗೆ ತೆಲುಗು, ಇಂಗ್ಲಿಷ್ ಬರುತ್ತೆ, ಕನ್ನಡ ಅರ್ಧಂಬರ್ಧ. ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಬರೋಲ್ಲ. ಇಬ್ಬರಿಗೂ ಗೊತ್ತಿರುವುದು ಅಂತ ಉಳಿದದ್ದು ಹಾಡೊಂದೇ. ಅದನ್ನೂ ಕಿತ್ತುಕೊಂಡರೆ ಒಂದೇ ಮನೆಯಲ್ಲಿ ಇಬ್ಬರು ಮೂಗರು.

ಹಾಗಂತ ಯುಗಾದಿಗೆ ಅಪಾರ್ಟ್‌ಮೆಂಟಿನ ಶಾಮಿಯಾನದಲ್ಲಿ ಮಕ್ಕಳು ಹಾಡಿ, ಹಿರಿಯರು ಚಪ್ಪಾಳೆ ತಟ್ಟಿದರೆ ಸಾಲದು. ಮೆಲಿಟಾ ಬೆಲ್‌ಗ್ರೇವ್ ಎಂಬ ಅಮೆರಿಕದ ಸಂಗೀತ ಚಿಕಿತ್ಸಕಿ ನಾಲ್ಕನೇ ತರಗತಿ ಮಕ್ಕಳನ್ನೂ ಹಿರಿಯರನ್ನೂ ಕೂಡಿಸಿ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಬರೀ ಹಾಡಿದಾಗ, ವಾದ್ಯ ನುಡಿಸಿದಾಗ ಬೆರೆತದ್ದಕ್ಕಿಂತ, ವಿಷಯ ಕೊಟ್ಟು ಮಾತಾಡಿಸಿದಾಗ, ಸಂಗೀತಕ್ಕೆ ಕೂಡಿ ಕೈಕಾಲು ಆಡಿಸಿದಾಗ ಅವರು ಹೆಚ್ಚು ಬೆರೆತರಂತೆ. ಅಂದರೆ ಪಕ್ಕಪಕ್ಕ ಕೂರಿಸಿದರೆ ಆಗಲಿಲ್ಲ, ಒಬ್ಬರಿಗೊಬ್ಬರು ಬೇಕಾಗಬೇಕು.

ಪಾಠ ಕೆಡುತ್ತೆ ಅನ್ನುವ ಮೇಷ್ಟ್ರ ಮಾತಲ್ಲಿ ಹುರುಳಿಲ್ಲದೆ ಇಲ್ಲ. ಸರಿ, ವಾರಕ್ಕೊಮ್ಮೆ ಕೊನೆಯ ಹದಿನೈದು ನಿಮಿಷ ಬಿಟ್ಟುಕೊಡಲಿ. ಅಜ್ಜಿ ತಾಳ ಹಾಕಲಿ, ಮಗು ಹಾಡಲಿ. ಆಮೇಲೆ, "ನಿನಗೆ ಈ ಪದ ಯಾರು ಹೇಳಿಕೊಟ್ರು?" ಅಂತ ಮಗು ಕೇಳಲಿ. ಇದಕ್ಕೆ ಥೆರಪಿ ಅಂತ ಬೋರ್ಡು ಹಾಕಿ ಫೀಸು ಎತ್ತುವುದು ಬೇಡ. ಮರೆವಿನ ಕಾಯಿಲೆ ಇದ್ದವರಿಗೆ ತರಬೇತಾದ ಚಿಕಿತ್ಸಕರೇ ಬೇಕು, ಅದು ಬೇರೆ ಮಾತು. ನಮ್ಮವರಿಗೆ ಬೇಕಾಗಿರುವುದು ಒಂದು ಚಾಪೆ ಅಷ್ಟೆ.

ಇದು ಪರವೂರಿಗೆ ಹೋದವರ ಪಾಡು ಅಂತ ಊರಲ್ಲಿರುವ ನೀವು ಪುಟ ತಿರುವಬೇಡಿ. ನಿಮ್ಮ ಬೀದಿಯ ಸಂಗೀತದ ಮೇಷ್ಟ್ರನ್ನೂ ಒಂದು ಮಾತು ಕೇಳಿ: ನಮ್ಮಮ್ಮನೂ ಒಳಗೆ ಕೂರಬಹುದಾ?