ಅಪ್ಪನ ಬೆಲ್ ಬಾಟಮ್, ನನ್ನ ಜೀನ್ಸ್

ಆಫೀಸಿನ ಎಚ್‌ಆರ್ ಕಡೆಯಿಂದ "ರೆಟ್ರೋ ನೈಟ್" ಅಂತ ಮೇಲ್ ಬಂದರೆ ನಮ್ಮಂಥವರು ಮಾಡೋ ಮೊದಲ ಕೆಲಸ ಏನು ಹೇಳಿ? ಶಾಪಿಂಗ್ ಆ್ಯಪ್ ತೆಗೆಯೋದು. ಚುಕ್ಕಿ ಚುಕ್ಕಿ ಶರ್ಟು, ಮುಖದ ಅರ್ಧ ಮುಚ್ಚೋ ಕನ್ನಡಕ, ಅಗಲ ಕಾಲಿನ ಪ್ಯಾಂಟು. ಎಲ್ಲಾ ಮೂರು ದಿನದಲ್ಲಿ ಮನೆಗೆ. ಈ ಸಲದ ಮೇಲ್‌ನಲ್ಲಿ ಇನ್ನೊಂದು ಸಾಲಿತ್ತು: ಅಪ್ಪ ಅಥವಾ ಅಮ್ಮನನ್ನೂ ಕರೆತನ್ನಿ, ಅವರೂ ಎಪ್ಪತ್ತು-ಎಂಬತ್ತರ ದಶಕದ ವೇಷದಲ್ಲೇ ಬರಲಿ.

ಅವ್ವನಿಗೆ ಮೊಣಕಾಲು ನೋವು, ರಾತ್ರಿ ರೈಲು ಆಗಲ್ಲ. ಹಾಗಾಗಿ ಚಿಮ್ಮನಚೋಡಕ್ಕೆ ಫೋನ್ ಹಚ್ಚಿ ಅಪ್ಪನನ್ನು ಕೇಳಿದೆ. (ಮ್ಯಾಪ್ ತೆಗೆಯೋರಿಗೆ: ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲೂಕು. ಮುಲ್ಲಾಮಾರಿ ಹೊಳೆ, ತೊಗರಿ ಹೊಲ.)

"ವೇಷ ಹಾಕ್ಕೊಂಡು ಬರ್ಬೇಕಂತೀ? ನಾವೇನು ಹಗಲುವೇಷದವರೇನವ್ವಾ?"

"ಹಂಗಲ್ರೀ ಅಪ್ಪಾ. ನೀವು ಹುಡುಗ್ರಿದ್ದಾಗ ಹೆಂಗಿದ್ರಿ, ಹಂಗ ಬರ್ರಿ."

"ಹುಡುಗ್ರಿದ್ದಾಗ ಏನಿತ್ತು? ಎಪ್ಪತ್ತೆರಡರ ಬರ ಇತ್ತು. ಎರಡು ಪೈಜಾಮ, ಒಂದು ಚಡ್ಡಿ." ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ದನಿ ಸಣ್ಣ ಮಾಡಿ ಕೇಳಿದ್ರು, "ಬೆಲ್ ಬಾಟಮ್ ಹೊಲಿಸ್ತೀ ಏನು?"

ಅಪ್ಪ ಒಪ್ಪಿದ್ದು ಖುಷಿ. ಆದರೆ ಫೋನ್ ಇಟ್ಟ ಮೇಲೆ ನನ್ನ ತಲೆಗೆ ಬಂದಿದ್ದು ಬೇರೆ ಚಿಂತೆ: ನಾನೇನು ಹಾಕ್ಕೊಳ್ಳಲಿ? ಆರ್ಡರ್ ಮಾಡಿದ್ದು ಬೆಲ್ ಬಾಟಮ್ ಜೀನ್ಸ್. ಅಪ್ಪನ ಎದುರು ನಾನು ಜೀನ್ಸ್ ಹಾಕೇ ಇಲ್ಲ.

2013ರಲ್ಲಿ ಇಂಜಿನಿಯರಿಂಗ್‌ಗೆ ಅಂತ ಗುಲ್ಬರ್ಗಕ್ಕೆ (ಆಗಿನ್ನೂ ಕಲಬುರಗಿ ಆಗಿರಲಿಲ್ಲ) ಹೊರಟಾಗ ಅಪ್ಪ ಹಾಕಿದ್ದು ಒಂದೇ ಷರತ್ತು. ಜೀನ್ಸ್ ಬ್ಯಾಡ, ಊರಾಗ ಮಂದಿ ಮಾತಾಡ್ತಾರ. ನಾಲ್ಕು ವರ್ಷ ರೂಮ್‌ಮೇಟ್ ಜೀನ್ಸ್ ಹಾಕ್ಕೊಂಡು ಕಾಲೇಜಿಗೆ ಹೋದೆ. ಶನಿವಾರ ಮಧ್ಯಾಹ್ನ ಚೂಡಿದಾರ್‌ಗೆ ಬದಲಾಯಿಸಿಕೊಂಡೇ ಚಿಂಚೋಳಿ ಬಸ್ ಹತ್ತಿದೆ. ಈಗ ಮೂವತ್ತಾಯ್ತು. ಮನೆ ಕಟ್ಟೋಕೆ ತೆಗೆದ ಸಾಲದ ಕಂತು ನನ್ನ ಅಕೌಂಟ್‌ನಿಂದಲೇ ಹೋಗುತ್ತೆ. ಆದರೂ ಊರಿಗೆ ಹೊರಟರೆ ಬ್ಯಾಗಿನ ಮೇಲ್ಗಡೆ ಚೂಡಿದಾರ್ ಇರಲೇಬೇಕು. ನಿಮ್ಮಲ್ಲಿ ಎಷ್ಟು ಜನರ ಬ್ಯಾಗು ಹೀಗಿದೆಯೋ, ನೀವೇ ಹೇಳಬೇಕು.

ಅಪ್ಪ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದ್ರು, ಒಂದು ಚೀಲ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಸಮೇತ. ಸಂಜೆ ನಮ್ಮ ಏರಿಯಾದ ಟೇಲರ್ ಹತ್ರ ಕರಕೊಂಡು ಹೋದೆ. ಕೆಳಗಡೆ ಎಷ್ಟು ಇಂಚು ಬಿಡಲಿ ಅಂತ ಅವರು ಕೇಳಿದ್ದೇ ತಡ, ಅಪ್ಪ ಯೋಚನೆ ಮಾಡದೇ "26" ಅಂದ್ರು. ಬಟ್ಟೆ ಟೆರಿಕಾಟೇ ಬೇಕಂತೆ. ಟೆರಿಕಾಟ್ ಅಂದ್ರೆ ಪಾಲಿಯೆಸ್ಟರ್ ಜೊತೆ ಹತ್ತಿ ಬೆರೆಸಿದ್ದು. ಇಸ್ತ್ರಿ ಕೇಳಲ್ಲ, ಬೇಗ ಒಣಗುತ್ತೆ, ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟೋ ನಮ್ಮ ಕಡೆ ಮೈ ಬೇಯಿಸುತ್ತೆ. ಆದರೂ ಆಗ ಅದೇ ಶೋಕಿ. ಆ ಪ್ಯಾಂಟಾದರೂ ಮೂಲದಲ್ಲಿ ಹಡಗಿನ ನಾವಿಕರದು. ಅದು ಫ್ಯಾಷನ್ ಆಗಿ, ಸಿನಿಮಾ ಹತ್ತಿ, ಚಿಂಚೋಳಿ ತನಕ ಬಂದಿತ್ತು ನೋಡಿ.

ಟೇಪು ಹಿಡಿದು ನಿಂತಾಗಲೇ ಅಪ್ಪ ಕಥೆ ಬಿಚ್ಚಿದ್ರು. ಗುಲ್ಬರ್ಗದಲ್ಲಿ "ಶಂಕರ್ ಗುರು" ನೋಡಿ ಬಂದಿದ್ರಂತೆ. ರಾಜಕುಮಾರ್ ಅವರದು ಮೂರು ಪಾತ್ರ ಇದ್ದ 1978ರ ಸಿನಿಮಾ. ಆ ಬೇಸಿಗೆ ಶಹಾಬಾದ್ ಗಣಿಯಲ್ಲಿ ಎರಡು ತಿಂಗಳು ಫರಸಿ ಕಲ್ಲು ಹೊತ್ತು, ಬಂದ ಕೂಲಿಯಲ್ಲಿ ಒಂದು ಬೆಲ್ ಬಾಟಮ್ ಹೊಲಿಸಿದ್ರು. ಊರಿಗೆ ಬಂದು ಹಾಕ್ಕೊಂಡಿದ್ದು ಒಂದೇ ದಿನ.

"ನಿಮ್ಮ ಮುತ್ಯಾ ಕತ್ರಿ ತಗೊಂಡು ಮೊಳಕಾಲಿನ ತನ ಕತ್ರಿಸಿಬಿಟ್ಟ. ಊರಾಗ ಮಂದಿ ಏನಂತಾರ ಅಂದ. ಮುಂದ ಎರಡು ವರ್ಷ ಅದೇ ಚಡ್ಡಿ ಹಾಕ್ಕೊಂಡು ಹೊಲಕ್ಕ ಹೋದೆ."

ಟೇಲರ್ ನಕ್ಕರು. ನನಗೆ ನಗು ಬರಲಿಲ್ಲ. ಆ "ಮಂದಿ" ನನಗೂ ಗೊತ್ತಿರೋರೇ.

"ಹಂಗಾದ್ರ ನನಗ್ಯಾಕ ಬ್ಯಾಡಂದ್ರಿ?"

"ನಿಂದು ಕತ್ರಿಸಲಿಲ್ಲಲ್ಲ."

"ಕತ್ರಿಸ್ಲಿಕ್ಕ ಮೊದಲು ಕೊಡಿಸಬೇಕಾಗಿತ್ತಲ್ರೀ."

ಅಪ್ಪ ಉತ್ತರ ಕೊಡಲಿಲ್ಲ. ಆಟೋದಲ್ಲೂ ಮಾತಿಲ್ಲ. ಮನೆ ಬಂದ ಮೇಲೆ ರೊಟ್ಟಿ ಮುರಿದುಕೊಂಡು ತಿಂದು ಮಲಗಿಬಿಟ್ರು.

ಪಾರ್ಟಿ ದಿನ ನಾನು ಜೀನ್ಸ್ ಹಾಕ್ಕೊಂಡು ರೂಮಿಂದ ಹೊರಗೆ ಬಂದೆ. ಅಪ್ಪ ತಲೆಯಿಂದ ಕಾಲಿನ ತನಕ ನೋಡಿದ್ರು. "ನಿಂದು 22 ಇಂಚು ಇರ್ಬೇಕು. ಕಮ್ಮಿ ಆತು," ಅಂದ್ರು. ಅಷ್ಟೇ.

ಪಾರ್ಟಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ಎಲ್ಲ ಆಫೀಸಿನ ಪಾರ್ಟಿಯೂ ಒಂದೇ: ಮಿಣುಗೋ ಡಿಸ್ಕೋ ಗುಂಡು, ಪನೀರ್ ಟಿಕ್ಕಾ, ಫೋಟೋಗೆ ಸಾಲು. ಈ ರೆಟ್ರೋ ಅನ್ನೋದರಲ್ಲಿ ಬರ ಇರಲ್ಲ, ರೇಷನ್ ಸಾಲೂ ಇರಲ್ಲ, ಬರೀ ಕಾಲರ್ ಇರುತ್ತೆ. ಆದರೆ ಕ್ವಿಜ್ ಬಗ್ಗೆ ಹೇಳಲೇಬೇಕು.

ಕರ್ನಾಟಕದ ಜನ ಮೊದಲು ಟಿವಿ ನೋಡಿದ್ದು ಎಲ್ಲಿ ಅಂತ ಪ್ರಶ್ನೆ. ಇಡೀ ಹಾಲ್ "ಬೆಂಗಳೂರು" ಅಂತು. ಹಿಂದಿನ ಸಾಲಿಂದ ಅಪ್ಪ ಎದ್ದು ನಿಂತು, "ಅಲ್ರೀ, ನಮ್ಮ ಕಡಿ ಹಳ್ಳಿಯೊಳಗ" ಅಂದ್ರು. ಮೈಕ್ ಹಿಡಿದ ಹುಡುಗನ ಚೀಟಿಯಲ್ಲೂ ಬೆಂಗಳೂರು ಅಂತಲೇ ಇತ್ತು. ಎಲ್ಲರೂ ಫೋನ್ ತೆಗೆದ್ರು.

ಅಪ್ಪ ಹೇಳಿದ್ದು ಖರೇ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ನಾಸಾದಿಂದ ಎರವಲು ಪಡೆದ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದ್ರು. ಅದರ ಹೆಸರು ಸೈಟ್. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಯ ಹಳ್ಳಿಗಳನ್ನ. ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಶುರುವಾಗಿದ್ದು 1977ರಲ್ಲಿ. ಬೆಂಗಳೂರಿಗೆ ಅದು ಬಂದಿದ್ದು 1981ರಲ್ಲಿ. ಕೋಡ್ ಬರೆಯೋ ಊರಿಗೆ ಟಿವಿ ತಲುಪೋ ಆರು ವರ್ಷ ಮೊದಲೇ ತೊಗರಿ ಬೆಳೆಯೋ ಜಿಲ್ಲೆಗೆ ಉಪಗ್ರಹದಿಂದ ಕಾರ್ಯಕ್ರಮ ಬರ್ತಿತ್ತು!

ಅಪ್ಪ ಆಗ 12 ವರ್ಷದವರು. ಸೋದರಮಾವನ ಊರಿನ ಸಾಲಿ ಮುಂದೆ ಮಂದಿ ಜೊತೆ ನೆಲದ ಮೇಲೆ ಕೂತು ನೋಡಿದ್ರಂತೆ. "ಕೋಳಿ ಗೂಡಿನ ಜಾಳಗಿ ಇರ್ತದಲ್ರೀ, ಅಂಥಾದರಾಗ ದೊಡ್ಡ ಕೊಡಿ ಮಾಡಿದ್ರು. ಅದೇ ಆಂಟೆನಾ. ಒಕ್ಕಲುತನದ್ದು ತೋರಿಸ್ತಿದ್ರು, ಹಾಡು ಬರ್ತಿದ್ವು. ವರ್ಷ ಆದ ಮ್ಯಾಲ ಉಪಗ್ರಹ ವಾಪಸ್ ಒಯ್ದರು. ನಾವು ಆ ಕೊಡಿ ಮುಂದ ಬಹಳ ದಿನ ಸುಮ್ನ ಹೋಗಿ ಕುಂದರ್ತಿದ್ವಿ."

ನನ್ನ ಮ್ಯಾನೇಜರ್, ನೆಟ್‌ವರ್ಕ್ ಟೀಮಿನವರು ಸುತ್ತ ನಿಂತು ಒಂದೊಂದೇ ಕೇಳ್ತಿದ್ರು. ಕರೆಂಟ್ ಇಲ್ಲದ ಕಡೆ ಏನು ಮಾಡ್ತಿದ್ರು? ಭಾಷೆ ಯಾವುದು? ಅಪ್ಪ 26 ಇಂಚಿನ ಪ್ಯಾಂಟಲ್ಲಿ ಕೈ ಹಿಂದೆ ಕಟ್ಟಿಕೊಂಡು ಗೊತ್ತಿದ್ದಷ್ಟು ಹೇಳ್ತಿದ್ರು. ಹತ್ತು ವರ್ಷದಲ್ಲಿ ಅಪ್ಪ ನನ್ನ ಕೆಲಸದ ಬಗ್ಗೆ ಕೇಳಿದ್ದು ಸಂಬಳ, ಶಿಫ್ಟು, ಗಂಡು ನೋಡೋಣ ಏನು ಅನ್ನೋದಷ್ಟೇ. ಆ ರಾತ್ರಿ ಕ್ಯಾಬ್‌ನಲ್ಲಿ ಮೊದಲ ಸಲ ಕೇಳಿದ್ರು, "ನೀ ದಿನಾ ಕುಂತು ಬರೀತೀ ಅಲ್ಲ, ಅದು ಎಲ್ಲಿಗೆ ಹೋಗ್ತದ?" ನಾನು ಮನೆ ತನಕ ಸರ್ವರ್ ಅಂದ್ರೇನು ಅಂತ ವಿವರಿಸಿದೆ. ಅರ್ಧ ದಾರೀಲಿ ನಿದ್ದೆ ಹೋದ್ರು ಅನ್ನೋದು ಬೇರೆ ಮಾತು.

ಪ್ಯಾಂಟು ಈಗ ಚಿಮ್ಮನಚೋಡದಲ್ಲಿದೆ. ಕೆಳಗಿನ ಬಟ್ಟೆ ಕತ್ತರಿಸಿ ಸಂತೆಗೆ ಎರಡು ಕೈಚೀಲ ಹೊಲೀತೀನಿ ಅಂತ ಅವ್ವನ ಲೆಕ್ಕ. ಅಪ್ಪ ಟ್ರಂಕಿಗೆ ಕೀಲಿ ಹಾಕಿದ್ದಾರಂತೆ.

ಮುಂದಿನ ವಾರ ನಾನು ಊರಿಗೆ ಹೋಗ್ತಿದ್ದೀನಿ. ನಿನ್ನೆ ಅಪ್ಪ ಫೋನಲ್ಲಿ, "ಬರಬೇಕಾದ್ರ ನಿನ್ನ ಆ ಪ್ಯಾಂಟೂ ತಗೊಂಡು ಬಾ, ನಿಮ್ಮವ್ವ ನೋಡ್ತೀನಂತಾಳ" ಅಂದ್ರು. ಹಾಕ್ಕೊಂಡು ಬಾ ಅನ್ನಲಿಲ್ಲ. ತಗೊಂಡು ಬಾ ಅಂದ್ರು.